ಊಟ ಆಯ್ತಾ, ಗುಬ್ಬಿ?

"ರೀ, ಒಳಗೆ ಬರಬಾರದು! ಇದು ಪ್ರಕಟಣೆ ಕೋಣೆ!"

"ಬರ್ತೀನಿ! ಏನ್ ಮಾಡ್ತೀರಿ? ನಾಲ್ಕನೇ ಪ್ಲಾಟ್‌ಫಾರ್ಮ್ ಅಂತ ಹೇಳಿದ್ದು ನೀವೇ ತಾನೇ? ನಾನು ನಾಲ್ಕರಲ್ಲಿ ನಿಂತಿದ್ದೆ, ಬಸ್ಸು ಆರರಿಂದ ಹೋಯ್ತು!"

ಬಸ್ ನಿಲ್ದಾಣದ ಮೂಲೆಯ ಗಾಜಿನ ಕೋಣೆಯ ಬಾಗಿಲಲ್ಲಿ ಆರಡಿ ಎತ್ತರದ ಒಬ್ಬ ಮನುಷ್ಯ ನಿಂತಿದ್ದ. ಭುಜದ ಮೇಲೆ ಈರುಳ್ಳಿ ಮೂಟೆ. ಮುಖ ಕೆಂಪಗೆ ಕಾದಿತ್ತು.

ಮೈಕಿನ ಮುಂದೆ ಕೂತಿದ್ದವಳು ಕುರ್ಚಿಯಿಂದ ಎದ್ದಳು. ದಿನವಿಡೀ ಸಾವಿರಾರು ಜನರಿಗೆ ದಾರಿ ಹೇಳುವ ಹುಡುಗಿ ಅವಳು. ಆದರೆ ಅವಳ ಎದುರು ಬಂದು ಹೀಗೆ ಮಾತಾಡಿದವರು ಇದುವರೆಗೆ ಯಾರೂ ಇರಲಿಲ್ಲ!

"ನಾನು ಆರು ಅಂತಲೇ ಹೇಳಿದ್ದು. ನಿಮ್ಮ ಕಿವಿಯಲ್ಲಿ ಈರುಳ್ಳಿ ಸಿಪ್ಪೆ ಇರಬೇಕು!"

"ಓಹೋ! ಧ್ವನಿ ಇಷ್ಟು ಚೆನ್ನಾಗಿದೆ, ಸುಳ್ಳು ಹೇಳಲ್ಲ ಅಂತ ನಂಬಿಬಿಟ್ಟೆ ನೋಡಿ, ನನ್ನ ತಪ್ಪು!"

ಹೊರಗಿನಿಂದ ಗೊಳ್ ಎಂದು ನಗು ಕೇಳಿಸಿತು. ಇಬ್ಬರೂ ತಿರುಗಿ ನೋಡಿದರು. ಇಡೀ ನಿಲ್ದಾಣ ಗಾಜಿನ ಕಡೆ ನೋಡಿ ನಗುತ್ತಿತ್ತು. ಟಿಕೆಟ್ ಕೌಂಟರಿನ ಅಕ್ಕ ಹೊಟ್ಟೆ ಹಿಡಿದುಕೊಂಡು ಮೈಕಿನ ಕಡೆ ಬೆರಳು ತೋರಿಸುತ್ತಿದ್ದಳು.

ಮೈಕು ಆನ್ ಆಗಿಯೇ ಇತ್ತು...

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ಮಾತ್ರ ಮೂಟೆ ಕೆಳಗಿಳಿಸಿ, ತಲೆ ಕೆರೆದುಕೊಂಡು, ಮೈಕಿಗೆ ಬಗ್ಗಿ ಮೆಲ್ಲಗೆ ಹೇಳಿದ: "ಪ್ರಯಾಣಿಕರು ಕ್ಷಮಿಸಬೇಕು. ತಪ್ಪು ನಂದೇ."

ಆ ವರ್ಷವೇ ಅವರ ಮದುವೆಯಾಯಿತು.

ಅವನು ನಿಲ್ದಾಣದ ಎದುರಿನ ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗ. ಸಾಯಂಕಾಲ ಮನೆಗೆ ಬಂದರೆ ಬೆಳ್ಳುಳ್ಳಿ, ಎಣ್ಣೆ, ಹುರಿದ ಮಸಾಲೆ ಎಲ್ಲವೂ ಅವನ ಜೊತೆಗೇ ಬರುತ್ತಿದ್ದವು. ಅವಳು ಬೇಕೆಂದೇ ಅವನ ಅಂಗಿಗೆ ಮೂಗು ಒತ್ತಿ, "ಇವತ್ತು ಏನು ಮಾಡಿದ್ದೆ, ಹೇಳಲಾ?" ಎಂದು ಊಹಿಸುತ್ತಿದ್ದಳು. ಬಹುಪಾಲು ಸರಿಯಾಗಿಯೇ ಹೇಳುತ್ತಿದ್ದಳು.

ಚಿಕ್ಕಂದಿನಲ್ಲೇ ತಾಯಿ ತಂದೆಯನ್ನು ಕಳೆದುಕೊಂಡು ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು ಅವಳು. ಅಲ್ಲಿ ಎಲ್ಲರ ಊಟವಾದ ಮೇಲೆ ಅವಳದು. ಎರಡನೇ ಸಲ ಕೇಳಿದರೆ ಚಿಕ್ಕಮ್ಮನ ಹುಬ್ಬು ಮೇಲೇರುತ್ತಿತ್ತು. ಹಾಗಾಗಿ ಕೇಳದೇ ಇರುವುದನ್ನು ಬೇಗ ಕಲಿತಿದ್ದಳು. ಬಾಣಸಿಗನಿಗೆ ಇದು ಗೊತ್ತಾದ ದಿನ ಅವನ ಕಣ್ಣು ತುಂಬಿತ್ತು.

"ನೀನು ಗುಬ್ಬಿ ತಿಂದಂಗೆ ತಿಂತೀಯಾ. ನನ್ನ ಮನೇಲಿ ಹೊಟ್ಟೆ ತುಂಬಾ ತಿನ್ನಬೇಕು, ಗೊತ್ತಾಯ್ತಾ ಗುಬ್ಬಿ?"

ಅಂದಿನಿಂದ ಅವಳ ಹೆಸರೇ ಗುಬ್ಬಿ ಎಂದಾಯಿತು.

*

ಗರ್ಭ ನಿಂತಿದೆ ಎಂದು ಗೊತ್ತಾದಾಗ ಅವನು ಹೋಟೆಲಿಗೆ ರಜೆ ಹಾಕಿದ. ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದ. ಮಧ್ಯಾಹ್ನ ಅವಳು ಕೆಲಸ ಮುಗಿಸಿ ಬರುವ ಹೊತ್ತಿಗೆ ಮೇಜಿನ ತುಂಬ ಪಾತ್ರೆಗಳು... ಹೊಗೆಯಾಡುವ ಅನ್ನ, ತುಪ್ಪದಲ್ಲಿ ಹುರಿದ ತರಕಾರಿ, ಮಸಾಲೆ ಹಾಕಿದ ಮೀನು.

"ಕಣ್ಣು ಮುಚ್ಕೋ... ಈಗ ತೆಗಿ!"

ಅವಳು ಕಣ್ಣು ತೆರೆದಳು. ಅಷ್ಟೇ. ಹೊಟ್ಟೆಯೊಳಗಿನಿಂದ ಏನೋ ಎದ್ದು ಗಂಟಲಿಗೆ ಬಂತು. ಬಚ್ಚಲಿಗೆ ಓಡುವಷ್ಟರಲ್ಲಿ ಮೇಜಿನ ಪಕ್ಕದಲ್ಲೇ ವಾಂತಿಯಾಯಿತು. ಅವನು ಗಾಬರಿಯಾಗಿ ಓಡಿಬಂದು ಬೆನ್ನು ಸವರಿದ. ಅವನ ಕೈಯಿಂದ, ಅಂಗಿಯಿಂದ, ಕೂದಲಿನಿಂದ ಅದೇ ಎಣ್ಣೆ, ಅದೇ ಮೀನು...

"ದೂರ ಹೋಗು!" ಅವಳು ಚೀರಿದಳು. "ನಿನ್ನ ಅಡುಗೆ ನೋಡಿದ್ರೇ ಹೇಸಿಗೆ ಆಗ್ತಿದೆ. ನೀನು ಹತ್ತಿರ ಬಂದ್ರೂ ಅಷ್ಟೇ! ನಿನ್ನ ವಾಸನೆ ನನಗೆ ಆಗಲ್ಲ!"

ಅವನ ಕೈ ಗಾಳಿಯಲ್ಲೇ ನಿಂತಿತು.

ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಅವಳಿಗೆ ತಿಳಿದಿತ್ತು, ಹೀಗೆ ಹೇಳಬಾರದಿತ್ತೆಂದು. ಆದರೆ ಮತ್ತೊಂದು ವಾಂತಿ ಬಂದು ಮಾತು ನುಂಗಿತು. ಮುಖ ತೊಳೆದು ಬಂದಾಗ ಮೇಜು ಖಾಲಿಯಾಗಿತ್ತು, ನೆಲ ಒರೆಸಿತ್ತು. ಅವನು ಸೋಪು ಹಚ್ಚಿ ಹಚ್ಚಿ ಕೈ ಉಜ್ಜುತ್ತಿದ್ದ.

ಆಮೇಲೆ ಅವನು ಎರಡು ಸಲ ಸ್ನಾನ ಮಾಡಿದ. ನಿಂಬೆಹಣ್ಣು ತಿಕ್ಕಿಕೊಂಡ. ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡ. ಏನು ಮಾಡಿದರೂ ಅವನು ಬಾಗಿಲು ದಾಟಿದರೆ ಅವಳ ಮೂಗಿಗೆ ಗೊತ್ತಾಗುತ್ತಿತ್ತು, ಮೂಗು ಮುಚ್ಚಲು ಕೈ ತಾನಾಗಿಯೇ ಸೆರಗಿಗೆ ಹೋಗುತ್ತಿತ್ತು. ಅದನ್ನು ಅವನು ನೋಡುತ್ತಿದ್ದ.

ಒಂದು ಬೆಳಿಗ್ಗೆ ಬ್ಯಾಗು ಹಿಡಿದು ನಿಂತ.

"ಹೋಟೆಲಿನ ಮೇಲಿನ ರೂಮಲ್ಲಿ ಇರ್ತೀನಿ ಗುಬ್ಬಿ. ನಿನಗೆ ಸ್ವಲ್ಪ ಹಗುರಾಗೋವರೆಗೂ... ನೀನು ಕರೆದ ತಕ್ಷಣ ಬರ್ತೀನಿ."

'ಹೋಗ್ಬೇಡ ಅನ್ನು... ಅನ್ನು!' ಎಂದು ಮನಸ್ಸು ಕೂಗಿತು.

"ಸರಿ," ಎಂದಿತು ಬಾಯಿ.

*

ಮನೆಯಲ್ಲಿ ಈಗ ಯಾವ ವಾಸನೆಯೂ ಇರಲಿಲ್ಲ. ಒಗ್ಗರಣೆಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಗೋಡೆ ಗಡಿಯಾರ ಇಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆ ಎಂಬುದು ಅವಳಿಗೆ ಮೊದಲ ಸಲ ಗೊತ್ತಾಯಿತು.

ದಿನಕ್ಕೊಂದು ಸಲ ಫೋನ್ ಬರುತ್ತಿತ್ತು.

"ಊಟ ಆಯ್ತಾ, ಗುಬ್ಬಿ?"

"ಆಯ್ತು."

"ಡಾಕ್ಟರ್ ಏನಂದ್ರು?"

"ಎಲ್ಲಾ ಸರಿ ಇದೆ ಅಂದ್ರು."

"ಹೂಂ... ಸರಿ ಹಾಗಾದ್ರೆ."

ಅಷ್ಟೇ ಮಾತು. ಅವನು ಇನ್ನೊಂದು ಪ್ರಶ್ನೆ ಕೇಳಲಿ ಎಂದು ಅವಳು ಕಾಯುತ್ತಿದ್ದಳು. ಅವಳು ಒಂದು ಸಲ 'ಬಾ' ಅನ್ನಲಿ ಎಂದು ಅವನು ಕಾಯುತ್ತಿದ್ದ. ಇಬ್ಬರ ನಡುವೆ ಒಂದು ನಿಟ್ಟುಸಿರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. ಆಮೇಲೆ ಫೋನ್ ಕಟ್.

ನಾಲ್ಕನೇ ತಿಂಗಳು ಕಳೆಯುವಷ್ಟರಲ್ಲಿ ವಾಂತಿ ನಿಂತಿತು. ಹೋಟೆಲಿನ ಕಡೆಯಿಂದ ಗಾಳಿ ಬೀಸಿದರೂ ಏನೂ ಆಗುತ್ತಿರಲಿಲ್ಲ. ಆದರೂ ಊಟ ಮಾತ್ರ ಸೇರುತ್ತಿರಲಿಲ್ಲ. ಒಬ್ಬಳಿಗೋಸ್ಕರ ಒಲೆ ಹಚ್ಚಲು ಬೇಜಾರು. ತಟ್ಟೆ ಹಾಕಿಕೊಂಡು ಕೂತರೆ ಎದುರಿನ ಖಾಲಿ ಕುರ್ಚಿ ಅವಳನ್ನೇ ನೋಡುತ್ತಿತ್ತು. ಎರಡು ತುತ್ತಿಗೇ ಕೈ ತೊಳೆಯುತ್ತಿದ್ದಳು. ಬೆಳಿಗ್ಗೆ ಚಹಾ, ಬ್ರೆಡ್ಡು. ಮಧ್ಯಾಹ್ನ ಮತ್ತೆ ಚಹಾ. ಕಬ್ಬಿಣದ ಮಾತ್ರೆಯನ್ನೂ ಚಹಾದಲ್ಲೇ ನುಂಗುತ್ತಿದ್ದಳು. ಭಾನುವಾರವಂತೂ ಸಂಜೆಯವರೆಗೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

'ನೀನಾದ್ರೂ ಇದ್ದೀಯಲ್ಲ...' ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಮಾತಾಡುತ್ತಿದ್ದಳು. 'ಆದ್ರೆ ನಿನಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ ಕಣೋ.'

ಒಮ್ಮೆ ಟಿಕೆಟ್ ಅಕ್ಕ ಮನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ಖಾಲಿ ಅಡುಗೆಮನೆ ನೋಡಿ ಅಕ್ಕ ಸೊಂಟಕ್ಕೆ ಕೈಯಿಟ್ಟಳು.

"ಏನೇ ಇದು? ಗಂಡ ಊರಿಗೆಲ್ಲಾ ಬಡಿಸ್ತಾನೆ, ಹೆಂಡ್ತಿ ಉಪವಾಸ! ಅವನನ್ನ ಕರೆಸ್ಕೊಳ್ಳೇ."

ಅವಳಿಗೆ ಅಳು ಬರುವುದರಲ್ಲಿತ್ತು. ಅದನ್ನು ಮುಚ್ಚಿಕೊಳ್ಳಲು ಜೋರಾಗಿ ನಕ್ಕಳು.

"ಯಾಕಕ್ಕಾ? ಅವನಿಲ್ದೇ ಮನೆ ಎಷ್ಟು ಹಾಯಾಗಿದೆ ಅಂತೀಯಾ! ಉಸಿರಾಡೋಕೆ ಗಾಳಿ ಸಿಗ್ತಿದೆ ನನಗೆ!"

ಮೆಟ್ಟಿಲ ಮೇಲೆ ಯಾರೋ ಇಳಿದುಹೋದ ಸದ್ದಾಯಿತು. ಮೇಲಿನ ಮನೆಯವರು ಇರಬೇಕೆಂದು ಅವಳು ತಿರುಗಿಯೂ ನೋಡಲಿಲ್ಲ.

*

ಆರನೇ ತಿಂಗಳಲ್ಲಿ ಹಠ ಸೋತಿತು.

'ನಾನೇ ಹೋಗ್ತೀನಿ. ಬಾ ಅಂತೀನಿ. ಕಾಲು ಹಿಡ್ಕೊಂಡ್ರೂ ಪರವಾಗಿಲ್ಲ!'

ಕೆಲಸ ಮುಗಿಸಿ, ಮುಖ ತೊಳೆದು, ಅವನಿಗಿಷ್ಟವಾದ ಹಸಿರು ಸೀರೆಯುಟ್ಟು ರಸ್ತೆ ದಾಟಿದಳು. ಹೋಟೆಲಿನ ಮ್ಯಾನೇಜರ್ ಅವಳ ಹೊಟ್ಟೆ ನೋಡಿ ಕುರ್ಚಿ ಎಳೆದು ಕೊಟ್ಟ.

"ಅವರಾ? ಅವರು ಕೆಲಸ ಬಿಟ್ಟು ಎಷ್ಟೋ ದಿನ ಆಯ್ತಲ್ಲಮ್ಮಾ. ರೂಮೂ ಖಾಲಿ ಮಾಡಿದ್ರು. ನಿಮಗೆ... ಗೊತ್ತಿಲ್ವಾ?"

ಕಿವಿಯಲ್ಲಿ ಗುಂಯ್ ಎಂದಿತು. ನಿನ್ನೆಯಷ್ಟೇ ಫೋನಿನಲ್ಲಿ, 'ಕೆಲಸದಲ್ಲಿದ್ದೀನಿ' ಅಂದಿದ್ದನಲ್ಲ!

"ಗೊತ್ತಿದೆ... ಗೊತ್ತಿದೆ. ಮರೆತಿದ್ದೆ," ಎಂದು ಎದ್ದು ಬಂದಳು.

ರಸ್ತೆ ದಾಟುವಾಗ ಬಸ್ಸಿನ ಹಾರ್ನೂ ಕೇಳಿಸಲಿಲ್ಲ. 'ಸುಳ್ಳು ಹೇಳಿದ... ನನ್ನ ಬಿಟ್ಟೇ ಹೋದ. ಬೇರೆ ಊರು, ಬೇರೆ ಬದುಕು ನೋಡ್ಕೊಂಡಿರ್ತಾನೆ. ಹೇಸಿಗೆ ಅಂದವಳ ಹತ್ತಿರ ಯಾರು ತಾನೇ ಇರ್ತಾರೆ?'

ಅಂದು ಫೋನ್ ಬಡಿದುಕೊಂಡಿತು. ಅವಳು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. 'ಊಟ ಆಯ್ತಾ?' ಎಂದು ಒಂದು ಸಂದೇಶ ಬಂತು. 'ಆಯ್ತು' ಎಂದಷ್ಟೇ ಬರೆದು, ಫೋನನ್ನು ಬೋರಲು ಹಾಕಿದಳು.

ಅಂದು ಅವಳು ಏನೂ ತಿಂದಿರಲಿಲ್ಲ.

*

"ಪ್ರಯಾಣಿಕರ ಗಮನಕ್ಕೆ... ಎರಡನೇ ಪ್ಲಾಟ್‌ಫಾರ್ಮಿನಿಂದ ಹೊರಡುವ..."

ಗಾಜಿನಾಚೆ ಬಸ್ಸುಗಳು ತೇಲತೊಡಗಿದವು. ಕೈಯಲ್ಲಿದ್ದ ಹಾಳೆಯ ಅಕ್ಷರಗಳು ಇರುವೆಗಳಂತೆ ಹರಿದಾಡಿದವು.

"ಹೊರಡುವ... ಹೊರ..."

ಧಡ್ ಎಂಬ ಶಬ್ದ ಇಡೀ ನಿಲ್ದಾಣಕ್ಕೆ ಕೇಳಿಸಿತು. ಟಿಕೆಟ್ ಅಕ್ಕ ಕೌಂಟರನ್ನು ಹಾಗೇ ಬಿಟ್ಟು ಓಡಿದಳು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಕೈಗೆ ಸೂಜಿ ಚುಚ್ಚಿತ್ತು. ಅವಳ ಕೈ ಮೊದಲು ಹೋದದ್ದು ಹೊಟ್ಟೆಗೆ.

"ಮಗು ಇದೆ, ಚೆನ್ನಾಗಿ ಒದೀತಿದೆ," ಎಂದರು ವೈದ್ಯೆ. ಅವರ ಮುಖದಲ್ಲಿ ನಗುವಿರಲಿಲ್ಲ. "ಆದ್ರೆ ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ. ನಿಮ್ಮ ರಕ್ತ ತುಂಬಾ ಕಡಿಮೆ ಇದೆ, ತೂಕ ಏರೇ ಇಲ್ಲ. ಏನು ತಿಂತಿದ್ದೀರಿ?"

"ಚಹಾ... ಬ್ರೆಡ್ಡು."

"ಮಾತ್ರೆ?"

"ತಗೋತೀನಿ ಡಾಕ್ಟ್ರೇ. ಚಹಾ ಜೊತೆ."

ವೈದ್ಯೆ ಹಣೆ ಚಚ್ಚಿಕೊಂಡರು.

"ಚಹಾ ಜೊತೆ ತಗೊಂಡ್ರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲಮ್ಮಾ! ನಿಂಬೆ ನೀರಲ್ಲೋ ಕಿತ್ತಳೆ ಹಣ್ಣಿನ ಜೊತೆಯಲ್ಲೋ ತಗೋಬೇಕು. ನಾನು ಇಬ್ಬರ ಊಟ ಮಾಡಿ ಅಂತ ಹೇಳ್ತಿಲ್ಲ. ನಿಮ್ಮೊಬ್ಬರ ಊಟಾನಾದ್ರೂ ನೆಟ್ಟಗೆ ಮಾಡಿ. ಮನೇಲಿ ಯಾರಿದ್ದಾರೆ?"

ಅವಳು ಗೋಡೆಯ ಕಡೆ ತಿರುಗಿದಳು. ಕಣ್ಣೀರು ಕಿವಿಯವರೆಗೆ ಇಳಿಯಿತು.

"ಯಾರೂ ಇಲ್ಲ."

ವೈದ್ಯೆ ಮಂಚದ ಪಕ್ಕ ಕೂತರು. ಆಮೇಲೆ ಅವಳ ಕೈ ಮೇಲೆ ಕೈಯಿಟ್ಟರು.

"ಇನ್ನೂ ಹೊತ್ತು ಮೀರಿಲ್ಲ. ಈಗಿಂದ ತಿಂದ್ರೆ ಮಗು ಬೆಳೆಯೋಕೆ ಸಮಯ ಇದೆ. ನಾಳೆ ಬೆಳಿಗ್ಗೆ ಕೆಳಗಡೆ ಬಸುರಿಯರಿಗೆ ಊಟದ ತರಗತಿ ಇದೆ. ಹೋಗಿ ಕೂತ್ಕೊಳ್ಳಿ. ಅಲ್ಲೊಬ್ಬ ಗಂಡಸು ಬರ್ತಾನೆ ನೋಡಿ, ವಾರ ತಪ್ಪಿಸಲ್ಲ! ಹೆಂಡ್ತಿ ಒಂದು ದಿನಾನೂ ಬಂದಿಲ್ಲ. ನಮ್ಮ ನರ್ಸುಗಳೆಲ್ಲಾ ಅವನನ್ನ 'ಬಸುರಿ ಭಾವ' ಅಂತಾನೇ ಕರೆಯೋದು."

'ಎಂಥಾ ಪುಣ್ಯವಂತೆಯಪ್ಪಾ ಅವಳು...' ಅಂದುಕೊಂಡಳು.

*

ಮರುದಿನ ಬೆಳಿಗ್ಗೆ ಟಿಕೆಟ್ ಅಕ್ಕನ ತೋಳು ಹಿಡಿದು ಕೆಳಗಿಳಿದಳು. ಉದ್ದನೆಯ ಕೋಣೆ. ಸಾಲು ಕುರ್ಚಿಗಳಲ್ಲಿ ದೊಡ್ಡ ಹೊಟ್ಟೆಯ ಹೆಂಗಸರು. ಮುಂದಿನ ಮೇಜಿನ ಮೇಲೆ ಸೊಪ್ಪು, ಕಾಳು, ಮೊಟ್ಟೆ, ಬಾಳೆಹಣ್ಣು, ಮೊಸರು. ಆಹಾರ ತಜ್ಞೆ ಮೇಡಂ ಕೇಳುತ್ತಿದ್ದರು.

"ವಾಸನೆ ಆಗದೇ ಇರೋರು ಏನ್ ಮಾಡ್ಬೇಕು? ಯಾರು ಹೇಳ್ತೀರಿ?"

ಮೊದಲ ಸಾಲಿನಲ್ಲಿ ಎತ್ತರದ ಒಬ್ಬ ಗಂಡಸು ಶಾಲೆ ಹುಡುಗನಂತೆ ಕೈಯೆತ್ತಿದ.

"ಬಿಸಿ ಊಟ ಬೇಡ ಮೇಡಂ. ತಣ್ಣಗಾದ್ಮೇಲೆ ವಾಸನೆ ಕಡಿಮೆ ಆಗುತ್ತೆ. ಬೇಯಿಸಿದ ಕಾಳಿಗೆ ನಿಂಬೆ ಹಿಂಡಿ, ಮೊಸರಿನ ಜೊತೆ... ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪಾನೇ, ಆಗಾಗ."

"ಶಹಭಾಷ್! ಎಲ್ಲಿ ನಿಮ್ಮ ಮನೆಯವ್ರು? ಇವತ್ತೂ ಬಂದಿಲ್ವಾ?"

"ಮುಂದಿನ ವಾರ ಬರ್ತಾಳೆ ಮೇಡಂ."

"ಹೋದ ವಾರಾನೂ ಹಾಗೇ ಅಂದ್ರಿ!" ಹಿಂದಿನಿಂದ ಒಬ್ಬಳು ಕೂಗಿದಳು. "ನಿಜ ಹೇಳಿ ಭಾವಾ, ನಿಮಗೇ ಎಷ್ಟನೇ ತಿಂಗಳು?"

ಕೋಣೆಯೆಲ್ಲ ನಕ್ಕಿತು. ಅವನೂ ನಗಲು ನೋಡಿದ, ಆಗಲಿಲ್ಲ. ತಲೆ ತಗ್ಗಿಸಿ, ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕೂತ.

ಬಾಗಿಲಲ್ಲಿ ನಿಂತವಳಿಗೆ ಆ ಬೆನ್ನು ಗೊತ್ತಿತ್ತು. ಆ ಧ್ವನಿ ಗೊತ್ತಿತ್ತು.

"ನೀನು..."

ಅವನು ತಿರುಗಿದ. ಡಬ್ಬಿ ಕೈಯಿಂದ ಜಾರಿತು, ಹೇಗೋ ಹಿಡಿದುಕೊಂಡ. ಅವಳ ಇಳಿದ ಕೆನ್ನೆ, ಕೈಯ ಮೇಲಿನ ಪಟ್ಟಿ, ಆಸ್ಪತ್ರೆಯ ಅಂಗಿ ನೋಡಿದ.

"ಗುಬ್ಬಿ! ಏನಾಯ್ತು? ಯಾಕೆ ಇಲ್ಲಿ? ಕೈಗೇನಾಯ್ತು?"

ಎರಡು ಹೆಜ್ಜೆ ಧಾವಿಸಿ ಬಂದವನು ತಟ್ಟನೆ ನಿಂತ. ಏನೋ ನೆನಪಾದವನಂತೆ ಅಲ್ಲಿಂದಲೇ ಹಿಂದೆ ಸರಿದ.

ಟಿಕೆಟ್ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಬ್ಬರೂ ಹೊರಗಡೆ ಹೋಗಿ ಮಾತಾಡ್ರಪ್ಪಾ. ಬಾಯಿಗೆ ಬೀಗ ಹಾಕ್ಕೊಂಡು ನೀವು ಕೂತ್ಕೊಳ್ಳೋದು, ಮಧ್ಯದಲ್ಲಿ ಆ ಕೂಸು ಒಣಗೋದು!"

*

ಹೊರಗಿನ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಅವಳು ಒಂದು ತುದಿಯಲ್ಲಿ ಕೂತಳು. ಅವನು ಇನ್ನೊಂದು ತುದಿಯಲ್ಲಿ.

"ಹೋಟೆಲಿಗೆ ಹೋಗಿದ್ದೆ," ಎಂದಳು. "ಕೆಲಸ ಬಿಟ್ಟೆ ಅಂತ ನನಗೆ ಯಾಕೆ ಹೇಳ್ಲಿಲ್ಲ? ನನ್ನ ಬಿಟ್ಟು ಹೋದೆ ಅಂದ್ಕೊಂಡೆ..."

"ನಿನ್ನ ಬಿಟ್ಟಾ?!" ಅವನ ಧ್ವನಿ ಒಡೆಯಿತು. "ಅಡುಗೆ ಕೆಲಸ ಬಿಟ್ಟೆ ಗುಬ್ಬಿ. ಐಸ್ ಕಾರ್ಖಾನೆ ಸೇರ್ಕೊಂಡಿದ್ದೀನಿ. ಮಂಜುಗಡ್ಡೆಗೆ ಯಾವ ವಾಸನೆನೂ ಇಲ್ವಲ್ಲ... ಅದಕ್ಕೆ."

ಅವಳು ಅವನ ಕೈ ನೋಡಿದಳು. ಬೆರಳ ಸಂದುಗಳು ಬಿರಿದು ರಕ್ತದ ಗೆರೆ ಮೂಡಿತ್ತು. ಎಷ್ಟೋ ವರ್ಷ ಒಲೆಯ ಮುಂದೆ ನಿಂತ ಕೈ, ಈಗ ಚಳಿಗೆ ಸೀಳಿಹೋಗಿತ್ತು.

"ಮತ್ತೆ ಮನೆಗೆ ಯಾಕೆ ಬರ್ಲಿಲ್ಲ?"

"ಬಂದಿದ್ದೆ. ಮೈಯಲ್ಲಿ ವಾಸನೆ ಪೂರ್ತಿ ಹೋಯ್ತು ಅನ್ನಿಸಿದ ದಿನಾನೇ ಬಂದೆ. ಬಾಗಿಲವರೆಗೂ ಬಂದೆ..." ಅವನು ನೆಲ ನೋಡಿದ. "ನೀನು ಅಕ್ಕನ ಹತ್ತಿರ ಹೇಳ್ತಿದ್ದೆ. ನಾನಿಲ್ದೇ ಹಾಯಾಗಿದೆ, ಉಸಿರಾಡೋಕೆ ಆಗ್ತಿದೆ ಅಂತ. ನಗ್ತಿದ್ದೆ. ಅಷ್ಟು ಖುಷಿಯಾಗಿದ್ದಾಳೆ, ಯಾಕೆ ಕೆಡಿಸ್ಲಿ ಅಂತ ಹಾಗೇ ಇಳಿದುಹೋದೆ."

ಅಂದು ಮೆಟ್ಟಿಲ ಮೇಲೆ ಕೇಳಿದ ಸದ್ದು... ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ದಡ್ಡ! ಅಳು ಬರ್ತಿತ್ತು ಕಣೋ ನನಗೆ! ಅಕ್ಕನಿಗೆ ಗೊತ್ತಾಗ್ಬಾರ್ದು ಅಂತ ನಕ್ಕೆ. ವಾಂತಿ ನಿಂತು ತಿಂಗಳುಗಳೇ ಆಯ್ತು. ನೀನು ಬರ್ತೀಯಾ ಅಂತ ಕಾಯ್ತಾ ಕೂತಿದ್ದೆ..."

"ನೀನು ಕರೀತೀಯಾ ಅಂತ ನಾನು ಕಾಯ್ತಿದ್ದೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಊಟ ಆಯ್ತಾ ಅಂದಾಗೆಲ್ಲಾ ಆಯ್ತು ಅಂದೆಯಲ್ಲ ಗುಬ್ಬಿ... ಆಗ್ತಿರ್ಲಿಲ್ವಾ?"

ಅವಳು ತಲೆ ಅಲ್ಲಾಡಿಸಿದಳು. "ಒಬ್ಬಳೇ ಕೂತು ತಿನ್ನೋಕೆ ಆಗ್ಲಿಲ್ಲ. ಚಿಕ್ಕಮ್ಮನ ಮನೇಲಿ ಅಷ್ಟು ವರ್ಷ ಒಬ್ಬಳೇ ತಿಂದಿದ್ದೆ, ಅಭ್ಯಾಸ ಇತ್ತು. ನೀನು ಬಂದು ಅದನ್ನ ಕೆಡಿಸಿಬಿಟ್ಟೆ. ಈಗ ಮಗು ಸಣ್ಣಗಿದೆಯಂತೆ... ನನ್ನಿಂದಾನೇ..."

ಮಾತು ಮುಂದಕ್ಕೆ ಹೋಗಲಿಲ್ಲ. ಅವನು ಡಬ್ಬಿ ತೆರೆದು ಬೆಂಚಿನ ನಡುವೆ ಇಟ್ಟ. ಬೇಯಿಸಿದ ಕಡಲೆಕಾಳು, ಸಣ್ಣಗೆ ಹೆಚ್ಚಿದ ಸೊಪ್ಪು, ನಿಂಬೆರಸ.

"ವಾರವಾರ ಇಲ್ಲಿ ಕಲಿತಿದ್ದನ್ನ ಮಾಡಿ ತರ್ತೀನಿ. ನಿನಗೆ ಕೊಡೋಕೆ ಧೈರ್ಯ ಸಾಲಲ್ಲ. ವಾಪಸ್ ಹೋಗೋವಾಗ ನಾನೇ ತಿಂದುಬಿಡ್ತೀನಿ." ಚಮಚ ಅವಳ ಕಡೆ ಚಾಚಿದ. "ಆಗದೇ ಇದ್ರೆ ಬಿಡು. ಬೇಜಾರಿಲ್ಲ."

ಅವಳು ಒಂದು ಚಮಚ ಬಾಯಿಗಿಟ್ಟಳು. ಅಗಿದಳು. ನುಂಗಿದಳು. ಅವನು ಉಸಿರು ಬಿಗಿಹಿಡಿದು ಅವಳ ಗಂಟಲನ್ನೇ ನೋಡುತ್ತಿದ್ದ.

ಇನ್ನೊಂದು ಚಮಚ. ಮತ್ತೊಂದು.

"ನೀನೂ ತಿನ್ನು," ಎಂದಳು.

"ಮೊದಲು ನೀನು..."

"ನೀನು ತಿಂದ್ರೇ ನಾನು ತಿನ್ನೋದು."

ಅವನು ಬೆಂಚಿನ ಮೇಲೆ ಇಂಚಿಂಚಾಗಿ ಹತ್ತಿರ ಸರಿದ. ಒಂದೇ ಚಮಚ. ಅವಳಿಗೊಂದು ತುತ್ತು, ಅವನಿಗೊಂದು ತುತ್ತು. ಡಬ್ಬಿಯ ತಳ ಕಾಣುವವರೆಗೆ ಇಬ್ಬರೂ ತಿಂದರು. ಒಳಗಿನಿಂದ ಮೇಡಂ ಹಾಲು ಮೊಸರಿನ ಬಗ್ಗೆ ಏನೋ ಹೇಳುತ್ತಿದ್ದರು, ಹೆಂಗಸರು ನಗುತ್ತಿದ್ದರು.

ಅವಳು ಅವನ ತೋಳನ್ನು ಹತ್ತಿರಕ್ಕೆಳೆದು ಅಂಗಿಗೆ ಮೂಗು ಒತ್ತಿದಳು. ಅವನು ಕಲ್ಲಿನಂತೆ ಬಿಗಿಯಾದ.

"ಏನೂ ವಾಸನೆ ಇಲ್ಲ," ಎಂದಳು ಪಿಸುದನಿಯಲ್ಲಿ. "ಯಾರೋ ಪಕ್ಕದಲ್ಲಿ ಕೂತ ಹಾಗಿದೆ. ನನ್ನ ಗಂಡ ಬೇಕು ನನಗೆ... ಒಲೆ ಮುಂದೆ ನಿಂತು ಬರೋನು. ಆ ಐಸ್ ಕೆಲಸ ಬಿಟ್ಬಿಡು. ಮನೆಗೆ ಬಾ."

ಅವನ ಕಣ್ಣೀರು ಅವಳ ಹಣೆಯ ಮೇಲೆ ಬಿತ್ತು.

"ಮತ್ತೆ ನಿನಗೆ ಹೇಸಿಗೆ ಆದ್ರೆ?"

"ಆದ್ರೆ ಹೇಳ್ತೀನಿ. ನೀನು ಕಿಟಕಿ ತೆಗಿ. ಮನೆ ಬಿಟ್ಟು ಹೋಗ್ಬೇಡ."

"ಹೂಂ," ಎಂದ ಅವನು, ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು. "ಎಲ್ಲಾ ಕಿಟಕಿನೂ ತೆಗಿತೀನಿ."